ಮಗ್ಗುಬಾಯಿಯ ಸಾನ್ನಾ

ಕಾಪು, 12 ಅಕ್ಟೋಬರ್ 1958, ಭಾನುವಾರ

ಬೊಂಬಾಯಿಯಲ್ಲಿರುವ ಮಗ ಹೆರಾಲ್ಡನಿಗೆ ಇವತ್ತು ಪತ್ರ ಬರೆದು ಮುಗಿಸಿದೆ. ಅಷ್ಟು ದೂರ ಇರುವವನಿಗೆ ಎಲ್ಲರೂ ಸೌಖ್ಯ ಎಂದೇ ಬರೆಯಬೇಕಾಗುತ್ತದೆ. ನನ್ನ ಮೊಣಕಾಲಿನ ನೋವು, ನೆರೆಮನೆಯವರ ಜಗಳ, ಇವೆಲ್ಲ ಪತ್ರಕ್ಕೆ ಹೋಗುವ ಸಂಗತಿಗಳಲ್ಲ. ಹಾಗೆ ಉಳಿದದ್ದನ್ನು ಈ ಪುಸ್ತಕದಲ್ಲಿ ಬರೆಯೋಣ ಎಂದು ಹೊರಟಿದ್ದೇನೆ. ನಾನು ಶಾಲೆಗೆ ಹೋದವಳಲ್ಲ. ಮದುವೆಯಾದ ಮೇಲೆ ಜಪದ ಪುಸ್ತಕ ನೋಡಿ, ಒಣಮೀನು ಕಟ್ಟಿ ತಂದ ಪತ್ರಿಕೆಯ ತುಂಡು ನೋಡಿ ಅಕ್ಷರ ಕಲಿತವಳು. ತಪ್ಪಿದ್ದರೆ ನೋಡುವವರು ಯಾರು?

ಮನೆಯಲ್ಲಿ ಇರುವುದು ನಾವಿಬ್ಬರೇ. ಡುಲ್ಸಿನ್ ನನ್ನ ತೀರಿಹೋದ ತಂಗಿಯ ಮಗಳು. ಹನ್ನೊಂದು ವರ್ಷದವಳಾಗಿ ಇಲ್ಲಿಗೆ ಬಂದಳು, ಈಗ ಇಪ್ಪತ್ತಮೂರು. ಹಲ್ಲು ಸ್ವಲ್ಪ ಮುಂದೆ, ಬಣ್ಣ ಕಡಿಮೆ, ಸಂಬಂಧ ಯಾವುದೂ ಕೂಡಿಬರಲಿಲ್ಲ. ಆದರೆ ಚುರುಕು. ಸಾನ್ನಾ ಮಾಡಿ ಮಾರೋಣ ಮಾವ್ಶಿ ಎಂದು ಮಳೆಗಾಲದಿಂದ ನನ್ನ ಹಿಂದೆ ಬಿದ್ದಿದ್ದಳು. ನಾನು ಒಪ್ಪಿದೆ. ಇಡ್ಲಿಯ ಹಾಗೆ ಬಟ್ಟಲಲ್ಲಿ ಹಬೆಗೆ ಇಟ್ಟು ಸಾನ್ನಾ ಬೇಯಿಸುವವರು ತುಂಬ ಇದ್ದಾರೆ, ಆದರೆ ಈ ಊರಿನಲ್ಲಿ ನನ್ನ ಸಾನ್ನಾದಷ್ಟು ಮೆತ್ತಗಿನದು ಇನ್ನೊಂದಿಲ್ಲ ಎನ್ನುವುದು ನಾನು ಹೇಳುವ ಮಾತಲ್ಲ, ಊರೇ ಹೇಳುತ್ತದೆ.

ಕಷ್ಟ ಇರುವುದು ಶೇಂದಿಯದ್ದು. ನಮ್ಮ ಕ್ರಿಸ್ತಿಯನ್ನರಿಗೆ ಹಬ್ಬವೆಂದರೆ ಸಾನ್ನಾ ಬೇಕು, ಸಾನ್ನಾದ ಹಿಟ್ಟು ಉಬ್ಬಬೇಕಾದರೆ ಶೇಂದಿ ಬೇಕು, ಆ ಶೇಂದಿಯನ್ನು ಸರಕಾರ ನಿಷೇಧ ಮಾಡಿ ಹತ್ತು ವರ್ಷವಾಯಿತು. ಮೂರ್ತೆ ಕೆಲಸದ ಕಿಟ್ಟನಿಗೆ ತೆಂಗಿನ ಮರ ಹತ್ತಿ ಸಿಹಿ ಶೇಂದಿ ಇಳಿಸಿ ಬೆಲ್ಲ ಕಾಯಿಸಲು ಮಾತ್ರ ಪರವಾನಗಿ. ಮಡಕೆಯ ಒಳಗೆ ಸುಣ್ಣ ಬಳಿದು ಕಟ್ಟಿದರೆ ಇಳಿದದ್ದು ಹುಳಿಯುವುದಿಲ್ಲ, ಅಮಲೂ ಇಲ್ಲ. ಅದರಿಂದ ಹಿಟ್ಟೂ ಉಬ್ಬುವುದಿಲ್ಲ. ಹಾಗಾಗಿ ಅವನು ನಮಗೋಸ್ಕರ ಒಂದು ಮಡಕೆಗೆ ಸುಣ್ಣ ಬಳಿಯದೆ ಬಿಡುತ್ತಾನೆ.

"ಬಾಯಮ್ಮ, ಇದು ಪೊಲೀಸರಿಗೆ ಗೊತ್ತಾದರೆ ನನ್ನ ಸೊಂಟಕ್ಕೆ ಹಗ್ಗ" ಎಂದ ಕಿಟ್ಟ.

"ನನ್ನ ಬಾಯಿಂದ ಹೊರಗೆ ಹೋದರೆ ನನ್ನ ನಾಲಗೆ ಬಿದ್ದುಹೋಗಲಿ ಮಾರಾಯ" ಎಂದೆ. ಪಾಪದವನು. ಅವನ ಹೆಂಡತಿ ಗುಣವತಿಗೆ ಈಗ ಏಳು ತಿಂಗಳು.

9 ನವೆಂಬರ್, ಭಾನುವಾರ

ಪೂಜೆ ಮುಗಿಸಿ ಹೊರಗೆ ಬಂದರೆ ಇಗರ್ಜಿಯ ಅಂಗಳದಲ್ಲಿ ಡುಲ್ಸಿನ್‌ಳ ಸುತ್ತ ಏಳೆಂಟು ಹೆಂಗಸರು. ಒಬ್ಬಳಿಗೆ ನಾಮಕರಣಕ್ಕೆ ಇನ್ನೂರು, ಒಬ್ಬಳಿಗೆ ತಿಂಗಳ ಪೂಜೆಗೆ ನೂರು. ಇವಳು ಬೆರಳು ಮಡಚಿ ಲೆಕ್ಕ ಹಾಕುತ್ತಾ, ನಗುತ್ತಾ, "ಆಯಿತು ಬಾಯೆ, ಆಗುತ್ತದೆ" ಎನ್ನುತ್ತಾ ನಿಂತಿದ್ದಾಳೆ. ನೋಡಿ ನನಗೆ ಕಣ್ಣು ತುಂಬಿ ಬಂತು. ನನ್ನ ತಂಗಿ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳು!

ಒಂದೇ ಒಂದು ಮಾತು. ಹಿಂದೆ ಎಲ್ಲರೂ ನನ್ನ ಹೆಸರು ಹಿಡಿದು ಮಗ್ಗುಬಾಯಿಯ ಸಾನ್ನಾ ಎನ್ನುತ್ತಿದ್ದರು. ಇವತ್ತು ಡುಲ್ಸಿನ್‌ಳ ಸಾನ್ನಾ ಎಂದರು. ಅದೇನು ದೊಡ್ಡ ಸಂಗತಿಯಲ್ಲ, ಕಿವಿಗೆ ಬಿತ್ತು, ಬರೆದೆ.

18 ಡಿಸೆಂಬರ್

ಕ್ರಿಸ್ಮಸಿಗೆ ಗೋಡೆಗೆ ಸುಣ್ಣ ಹೊಡೆಸಿದ್ದಾಯಿತು. ನೀಲಿ ಸ್ವಲ್ಪ ಜಾಸ್ತಿ ಬಿತ್ತು, ಮನೆಯೊಳಗೆ ಆಕಾಶ ಬಂದ ಹಾಗೆ ಕಾಣುತ್ತದೆ. ಕಲಸಿದ್ದರಲ್ಲಿ ಅರ್ಧ ಬಾಲ್ದಿ ಉಳಿದಿದೆ, ನೀರು ಹಾಕಿ ಹಿಂದಿನ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಮಧ್ಯಾಹ್ನ ವ್ಯಾಲೆಂಟೈನ್‌ಬಾಬ್ ಬಂದರು. ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿ ಸಾಲಾಗಿ ಇರುವ ಅಂಗಡಿ ಕೋಣೆಗಳೆಲ್ಲ ಅವರವೇ. ಜನವರಿ ಹದಿನಾಲ್ಕಕ್ಕೆ ಮಗಳ ಮದುವೆ, ಗಂಡು ಕಾರ್ಕಳದ ಕಡೆಯವನು. ಒಂದೂವರೆ ಸಾವಿರ ಸಾನ್ನಾ ಬೇಕಂತೆ. ನಾನು ಕುರ್ಚಿ ಹಾಕಿಕೊಟ್ಟು, ನೀರು ತಂದು, ಎದುರಿಗೆ ನಿಂತೆ. ಅವರು ನನ್ನ ಕಡೆ ನೋಡದೆ ಡುಲ್ಸಿನ್‌ಳ ಹತ್ತಿರ ಮಾತಾಡಿದರು.

"ಕಾರ್ಕಳದ ಬೀಗರು ಬಾಯಿ ಚಪ್ಪರಿಸಬೇಕು. ಅವರು ಚಪ್ಪರಿಸಿದರೆ ಪೇಟೆಯ ಮೂಲೆಯ ಕೋಣೆ ಖಾಲಿ ಉಂಟು, ಅದು ನಿನಗೆ. ಇಲ್ಲದಿದ್ದರೆ ಕೋಣೆಯೂ ಇಲ್ಲ, ನನ್ನ ಮನೆಯ ಮೆಟ್ಟಿಲೂ ಇಲ್ಲ. ಎಂತ ಹೇಳುತ್ತೀ?"

"ಆಗುತ್ತದೆ ಬಾಬ್."

ಹೊರಡುವಾಗ ಅವರಿಗೆ ನನ್ನ ನೆನಪಾಯಿತು. "ಅಲ್ಲ ಡುಲ್ಸಿನ್, ಈ ಮುದುಕಿಯನ್ನು ಎಂತಕ್ಕೆ ಇಟ್ಟುಕೊಂಡದ್ದು? ಕಾಗೆ ಓಡಿಸಲಿಕ್ಕಾ?"

ಅವರು ನಕ್ಕರು. ಡುಲ್ಸಿನ್ ಕೂಡ ನಕ್ಕಳು.

ದೊಡ್ಡವರು ತಮಾಷೆ ಮಾಡಿದರೆ ನಗಬೇಕಾಗುತ್ತದೆ, ಅದು ನನಗೆ ಗೊತ್ತಿಲ್ಲದ್ದಲ್ಲ. ಸಂಜೆ ಕೇಳಿದೆ, "ಕೋಣೆ ಸಿಕ್ಕಿದರೆ ಬೋರ್ಡಿನಲ್ಲಿ ಎಂತ ಬರೆಸುತ್ತೀ ಬಾಯೆ?"

"ಡುಲ್ಸಿನ್ ಸಾನ್ನಾ. ಮ್ಯಾಗ್ಡಲಿನ್ ಅಂತ ನಿಮ್ಮ ಪೂರ್ತಿ ಹೆಸರು ಬರೆಸಿದರೆ ಉದ್ದ ಆಗುತ್ತದೆ ಅಲ್ವಾ ಮಾವ್ಶಿ?"

ಉದ್ದ ಆಗುತ್ತದೆ, ನಿಜ.

27 ಡಿಸೆಂಬರ್

ಹಬ್ಬ ಕಳೆಯಿತು. ಡುಲ್ಸಿನ್ ಉದ್ದಿನ ಅಳತೆ ಕಡಿಮೆ ಮಾಡಿದ್ದಾಳೆ, ನನ್ನನ್ನು ಕೇಳಲಿಲ್ಲ. ಸಾನ್ನಾ ಚೆನ್ನಾಗಿಯೇ ಆಯಿತು. ಕೇಳಬಹುದಿತ್ತು.

13 ಜನವರಿ 1959, ಮಂಗಳವಾರ

ಇವತ್ತು ಮದುವೆಮನೆಯಲ್ಲಿ ರೋಸ್. ಹೆಣ್ಣಿಗೆ ತೆಂಗಿನ ಹಾಲು ಹಚ್ಚುತ್ತಿದ್ದಾರೆ, ಬ್ಯಾಂಡಿನ ಸದ್ದು ಇಲ್ಲಿಗೂ ಕೇಳುತ್ತದೆ. ಬೆಳಗ್ಗಿನಿಂದ ನಾವಿಬ್ಬರೂ ಎರಡು ಕಲ್ಲಿನಲ್ಲಿ ಅರೆದೆವು. ಕಿಟ್ಟ ಸಂಜೆಯ ಮೊದಲೇ ಎರಡು ಮಡಕೆ ತುಂಬ ಶೇಂದಿ ತಂದಿಟ್ಟ. ಒಳ್ಳೆಯ ಹುಳಿ, ಬುರುಗು ಬುರುಗಾಗಿ ಇತ್ತು. ಡುಲ್ಸಿನ್ ನೆರೆಮನೆಗಳಿಂದ ಬಟ್ಟಲು ಕೇಳಿ ತರಲು ಹೋದಳು. ಹೋಗುವಾಗ ಏನು ಹೇಳಿದಳು ಗೊತ್ತೇ? "ಮಾವ್ಶಿ, ನೀವು ಏನೂ ಮುಟ್ಟಬೇಡಿ, ಸುಮ್ಮನೆ ಕೂತಿರಿ."

ನಾನು ಕಲಿಸಿದ ಕೆಲಸ!

ಇಗರ್ಜಿಯ ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋಗಿ ಬಾಲ್ದಿಯಲ್ಲಿದ್ದ ಸುಣ್ಣವನ್ನು ಗೆರಟೆಯಲ್ಲಿ ತೆಗೆದು ಮಡಕೆಗೆ ಹಾಕಿದೆ. ಒಂದು ಮಡಕೆಗೆ ಮಾತ್ರ ಎಂದುಕೊಂಡಿದ್ದೆ. ಆದರೆ ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ಗೊತ್ತಾಗಿಬಿಡುತ್ತದಲ್ಲ? ಎರಡಕ್ಕೂ ಹಾಕಿ, ಕೋಲಿನಿಂದ ತಿರುವಿ, ಕೋಲು ತೊಳೆದಿಟ್ಟೆ. ಬುರುಗು ಇಳಿದುಹೋಯಿತು. ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ಡುಲ್ಸಿನ್ ಆ ಶೇಂದಿಯನ್ನೇ ಹಿಟ್ಟಿಗೆ ಕಲಸಿ ಮುಚ್ಚಿಟ್ಟಳು.

ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಒಮ್ಮೆ ಹಿಟ್ಟು ಉಬ್ಬದಿದ್ದರೆ ನನ್ನ ಹತ್ತಿರ ಓಡಿ ಬರುತ್ತಾಳೆ, ಮಾವ್ಶಿ ಏನು ಮಾಡಲಿ ಎಂದು ಕೇಳುತ್ತಾಳೆ. ಕೇಳಲು ಕಲಿಯಬೇಕು. ಚಿಕ್ಕ ಪ್ರಾಯದಲ್ಲಿ ತಲೆಗೆ ಏರಿದರೆ ಆಮೇಲೆ ಇಳಿಸುವುದು ಕಷ್ಟ. ತಾಯಿ ಇಲ್ಲದ ಮಗುವಿಗೆ ನಾನಲ್ಲದೆ ಬೇರೆ ಯಾರು ಕಲಿಸುತ್ತಾರೆ?

14 ಜನವರಿ

ಓಡಿ ಬರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಹಿಟ್ಟು ನೋಡಿದವಳು ಅಲ್ಲಿಯೇ ಕುಳಿತುಬಿಟ್ಟಳು. ಇಟ್ಟ ಹಾಗೆಯೇ ಇತ್ತು, ಒಂದು ಗುಳ್ಳೆ ಇಲ್ಲ. "ಕಿಟ್ಟಣ್ಣ ಸುಣ್ಣದ ಮಡಕೆ ತಂದುಬಿಟ್ಟ, ಮಡಕೆ ಅದಲುಬದಲಾಯಿತು" ಎಂದು ಎರಡು ಸಲ ಹೇಳಿದಳು. ನಾನು ಬೆನ್ನು ಸವರಿದೆ. ಬೇರೆ ಹಿಟ್ಟು ಅರೆಯಲು ಹೊತ್ತಿರಲಿಲ್ಲ. ಇದ್ದದ್ದನ್ನೇ ಬೇಯಿಸಿ ಬುಟ್ಟಿಗಳಲ್ಲಿ ತುಂಬಿ ಮದುವೆಮನೆಗೆ ಕೊಂಡೊಯ್ದೆವು.

ಊಟದ ಪಂಕ್ತಿಯಲ್ಲಿ ಕಾರ್ಕಳದ ಬೀಗರಲ್ಲಿ ಒಬ್ಬ ಸಾನ್ನಾವನ್ನು ಎತ್ತಿ ಬೆಳಕಿಗೆ ಹಿಡಿದ.

"ವ್ಯಾಲೆಂಟೈನ್‌ಬಾಬ್, ಮದುವೆಯ ಸಾನ್ನಾ ಹೆಂಚಿನ ಕಾರ್ಖಾನೆಯಿಂದ ತರಿಸಿದ್ದಾ?"

"ಅದಕ್ಕೆ ಚಳಿ ಹಿಡಿದಿದೆ ಮಾರಾಯ, ನೋಡು, ನೀಲಿ ಆಗಿದೆ" ಎಂದ ಇನ್ನೊಬ್ಬ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಒಬ್ಬ ಹುಡುಗ ಅದನ್ನು ಬಾಳೆಲೆಯ ಮೇಲೆ ಕುಟ್ಟಿ ಟಕ್ ಟಕ್ ಎಂದು ಸದ್ದು ಮಾಡಿ ತೋರಿಸಿದ.

ವ್ಯಾಲೆಂಟೈನ್‌ಬಾಬರ ಹೆಂಡತಿ ಇಮೆಲ್ಡಾ ಒಳಗಿನಿಂದ ಡುಲ್ಸಿನ್‌ಳನ್ನು ರಟ್ಟೆ ಹಿಡಿದು ಕರೆತಂದು ಬೀಗರ ಎದುರಿಗೆ ನಿಲ್ಲಿಸಿದಳು. "ಇವಳೇ ನೋಡಿ. ಮುಖ ನೋಡಿಕೊಳ್ಳಿ. ಗಂಡು ಸಿಗದವಳಿಗೆ ಮದುವೆಯ ಅಡುಗೆ ವಹಿಸಿದ್ದು ನಮ್ಮದೇ ತಪ್ಪು." ಬುಟ್ಟಿಯನ್ನು ಅವಳ ಕಾಲ ಬುಡಕ್ಕೆ ಕವುಚಿದಳು. ಡುಲ್ಸಿನ್ ಬಗ್ಗಿ ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದಳು. ಯಾರೂ ಅವಳಿಗೆ ಸಹಾಯ ಮಾಡಲಿಲ್ಲ. ನನಗೆ ಬಗ್ಗಲು ಮೊಣಕಾಲು ಬಿಡುವುದಿಲ್ಲ.

ಹಿಂದೆ ನಿಂತಿದ್ದ ಒಬ್ಬಳು ಮಾತ್ರ, "ಮಗ್ಗುಬಾಯಿ ಮಾಡುವಾಗ ಹೀಗೆ ಆಗುತ್ತಿರಲಿಲ್ಲ" ಎಂದಳು. ಆ ಗದ್ದಲದಲ್ಲಿ ಅದನ್ನು ಕೇಳಿದ್ದು ನಾನೊಬ್ಬಳೇ ಇರಬೇಕು.

15 ಜನವರಿ

ಡುಲ್ಸಿನ್ ಊಟ ಮಾಡಲಿಲ್ಲ. ಒಂದು ಸಾನ್ನಾವನ್ನು ಮುರಿದು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಗೋಡೆಯ ಹತ್ತಿರ ತುಂಬ ಹೊತ್ತು ನಿಂತಿದ್ದಳು. ಉಗುರಿನಿಂದ ಗೋಡೆಯ ಸುಣ್ಣ ಕೆರೆದು ನೋಡಿದಳು. ಹುಡುಗಿಗೆ ದಣಿವು.

"ಮಾವ್ಶಿ, ಕ್ರಿಸ್ಮಸಿಗೆ ಕಲಸಿದ ಸುಣ್ಣ ಉಳಿದಿತ್ತಲ್ಲ, ಎಲ್ಲಿ?"

"ಗಟ್ಟಿಯಾಗಿತ್ತು ಬಾಯೆ, ಬಿಸಾಡಿದೆ."

"ಹೌದಾ" ಎಂದಳು.

17 ಜನವರಿ

ಕಿಟ್ಟ ಬಂದ. ಪೇಟೆಯವರೆಲ್ಲ ಅವನನ್ನು ಸುಣ್ಣದ ಕಿಟ್ಟ ಎಂದು ಕರೆಯಲು ಶುರುಮಾಡಿದ್ದಾರಂತೆ. ಬಂದವನೇ ಬಾವಿಕಟ್ಟೆಯ ಹತ್ತಿರ ಇಟ್ಟಿದ್ದ ಮಡಕೆಯ ತಳಕ್ಕೆ ಬೆರಳು ಹಾಕಿ ತೆಗೆದು, ಬಿಸಿಲಿಗೆ ಹಿಡಿದ.

"ಬಾಯಮ್ಮ, ಮಡಕೆ ಅದಲುಬದಲಾಗಿದ್ದರೆ ಇದು ನನ್ನ ಸುಣ್ಣ ಆಗಿರಬೇಕು. ನಾನು ಬಳಿಯುವುದು ಬರೀ ಚಿಪ್ಪಿನ ಸುಣ್ಣ. ಇದರಲ್ಲಿ ನೀಲಿ ಉಂಟು. ನನ್ನ ಅಜ್ಜನ ಕಾಲದಿಂದ ನಮ್ಮ ಮಡಕೆಗೆ ಕೆಟ್ಟ ಹೆಸರು ಬಂದದ್ದಿಲ್ಲ. ನಾಡಿದ್ದು ವ್ಯಾಲೆಂಟೈನ್ ಪೊರ್ಬುಗಳ ಮನೆಗೆ ಹೋಗಿ ಮಡಕೆ ತೋರಿಸುತ್ತೇನೆ."

ಡುಲ್ಸಿನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಎಷ್ಟು ಬಡವಾಗಿದ್ದಾಳೆ! ಒಂದು ಮೊಟ್ಟೆ ಬೇಯಿಸಿಕೊಟ್ಟೆ, ಮುಟ್ಟಲಿಲ್ಲ.

18 ಜನವರಿ, ಭಾನುವಾರ

ಪೂಜೆಯ ನಂತರ ವ್ಯಾಲೆಂಟೈನ್‌ಬಾಬರ ಹತ್ತಿರ ಮಾತಾಡಿದೆ. ತಪ್ಪಾಯಿತು ಬಾಬ್, ಹುಡುಗಿಯನ್ನು ಕ್ಷಮಿಸಿ ಎಂದೆ. ಅವಳದೇನೂ ತಪ್ಪಿಲ್ಲ, ಕಿಟ್ಟನದು ಎಂದೆ. ಬೆಲ್ಲದ ಪರವಾನಗಿ ಇಟ್ಟುಕೊಂಡು ಹುಳಿ ಶೇಂದಿ ಇಳಿಸುತ್ತಾನೆ, ಬೀಚಿನ ಬದಿಯ ಮೂರನೆಯ ಮರದಲ್ಲಿ, ಯಾರಾದರೂ ನೋಡಿದರೆ ನಮ್ಮೆಲ್ಲರ ಮಾನ ಹೋಗುತ್ತದೆ ಎಂದು ಬುದ್ಧಿ ಹೇಳುವ ಹಾಗೆ ಹೇಳಿದೆ. ಅವರು ಮೀಸೆ ಎಳೆದುಕೊಂಡು, "ಮೂರನೆಯ ಮರವಾ?" ಎಂದರು. "ಮೂರನೆಯದು" ಎಂದೆ.

ಮನಸ್ಸು ಹಗುರವಾಯಿತು. ಸಂಜೆ ಹೆರಾಲ್ಡನಿಗೆ ಪತ್ರ ಬರೆದೆ. ಇಲ್ಲಿ ಎಲ್ಲರೂ ಸೌಖ್ಯ.

22 ಜನವರಿ

ಕಿಟ್ಟನನ್ನು ಸೋಮವಾರ ಬೆಳಗ್ಗೆ, ಅವನು ವ್ಯಾಲೆಂಟೈನ್‌ಬಾಬರ ಮನೆಗೆ ಹೋಗುವ ಮೊದಲೇ, ಮರದಿಂದ ಇಳಿಯುವಾಗ ಹಿಡಿದರಂತೆ. ಪೊಲೀಸರು ಅವನು ಇಳಿಸಿ ತಂದ ಶೇಂದಿಯ ಮಡಕೆಯನ್ನೇ ಅವನ ತಲೆಯ ಮೇಲೆ ಒಡೆದು, ಪೇಟೆಯ ನಡುವೆ ನಡೆಸಿಕೊಂಡು ಹೋದರಂತೆ. ಸೊಂಟಕ್ಕೆ ಹಗ್ಗ. ಮಕ್ಕಳು ಹಿಂದೆ ಓಡಿದವಂತೆ. ನಾನು ನೋಡಲು ಹೋಗಲಿಲ್ಲ, ಅಂಥದ್ದೆಲ್ಲ ನೋಡುವ ಧೈರ್ಯ ನನಗಿಲ್ಲ.

2 ಫೆಬ್ರವರಿ

ಕಿಟ್ಟನಿಗೆ ಮೂರು ತಿಂಗಳ ಸಜೆ. ಪರವಾನಗಿಯೂ ಹೋಯಿತು. ಗುಣವತಿ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಹೆತ್ತು ತಿಂಗಳು ಕಳೆದಿದೆಯಷ್ಟೇ, ಮುಖದಲ್ಲಿ ರಕ್ತವಿಲ್ಲ.

"ಯಾರು ಹೇಳಿದ್ದು ಅಂತ ಗೊತ್ತುಂಟಾ ಬಾಯಮ್ಮ?"

"ದೇವರಿಗೇ ಗೊತ್ತು ಮಗಾ."

ಎರಡು ಸೇರು ಕುಚ್ಚಲಕ್ಕಿ, ಒಂದು ತೆಂಗಿನಕಾಯಿ ಕೊಟ್ಟೆ. ಈ ಬೀದಿಯಲ್ಲಿ ಬೇರೆ ಯಾರು ಕೊಟ್ಟಿದ್ದಾರೆ? ನನ್ನದು ಮೊದಲಿನಿಂದಲೂ ಇಂಥ ಮನಸ್ಸು. ಡುಲ್ಸಿನ್ ಅವಳನ್ನು ಗೇಟಿನವರೆಗೆ ಬಿಟ್ಟುಬರಲು ಹೋದವಳು ಕತ್ತಲಾಗುವ ಹೊತ್ತಿಗೆ ಬಂದಳು. ಅಷ್ಟು ಹೊತ್ತು ಏನು ಮಾತಾಡಿದರೋ.

10 ಫೆಬ್ರವರಿ, ಮಂಗಳವಾರ

ನಾಳೆ ಬೂದಿ ಬುಧವಾರ. ಡುಲ್ಸಿನ್ ಇವತ್ತು ಬಟ್ಟೆಯ ಗಂಟು, ಬಟ್ಟಲುಗಳು, ಹಬೆಯ ಪಾತ್ರೆ ತೆಗೆದುಕೊಂಡು ಉಡುಪಿಯ ಬಸ್ಸು ಹತ್ತಿದಳು. ಮಣಿಪಾಲದಲ್ಲಿ ಕಾಲೇಜು ಮಕ್ಕಳು ಹೆಚ್ಚಾಗಿದ್ದಾರಂತೆ, ತಿಂಡಿಗೆ ಜನ ಬೇಕಂತೆ. ಗುಣವತಿಯೂ ಕೂಸಿನ ಸಮೇತ ಹೋದಳು.

"ಅಲ್ಲಿ ನಿನಗೆ ಶೇಂದಿ ಯಾರು ಕೊಡುತ್ತಾರೆ ಬಾಯೆ? ಹೋಗಬೇಡ" ಎಂದೆ.

"ಬೇಡ ಮಾವ್ಶಿ, ಶೇಂದಿಯ ಸಹವಾಸ ಸಾಕು. ಎಳನೀರಿಗೆ ಸಕ್ಕರೆ ಹಾಕಿ ಎರಡು ದಿನ ಇಟ್ಟು ನೋಡಿದೆ. ಉಬ್ಬುತ್ತದೆ. ಅದನ್ನು ಯಾರೂ ಪೊಲೀಸರಿಗೆ ಹೇಳಲಿಕ್ಕಾಗುವುದಿಲ್ಲ."

ನನಗೆ ಹೇಳದೆ ಯಾವಾಗ ಮಾಡಿ ನೋಡಿದಳೋ. ಹನ್ನೆರಡು ವರ್ಷ ಅನ್ನ ಹಾಕಿದ್ದೇನೆ. ಹೋಗುವಾಗ ತಿರುಗಿ ನೋಡಲಿಲ್ಲ. ಈಗಿನ ಹುಡುಗಿಯರಿಗೆ ಮರ್ಯಾದೆ ತಿಳಿಯುವುದಿಲ್ಲ.

6 ಏಪ್ರಿಲ್

ಪಾಸ್ಕದ ಹಬ್ಬಕ್ಕೆ ಯಾರೂ ನನ್ನ ಹತ್ತಿರ ಸಾನ್ನಾ ಕೇಳಲಿಲ್ಲ. ಶೇಂದಿ ಇಲ್ಲ ಎಂದು ಕೇಳಲಿಲ್ಲವೋ ಏನೋ.

30 ಮೇ

ಉಡುಪಿಗೆ ಹೋಗಿ ಬಂದವರು ಹೇಳಿದರು. ಮಣಿಪಾಲದಲ್ಲಿ ಡುಲ್ಸಿನ್‌ಗೆ ಈಗ ಸ್ವಂತದ ಕೋಣೆ, ಬೋರ್ಡು, ಕೈಕೆಳಗೆ ಐದು ಜನ ಹೆಂಗಸರು. ಬೆಳಗ್ಗೆ ಹುಡುಗರು ಸಾಲು ನಿಲ್ಲುತ್ತಾರಂತೆ. ಶೇಂದಿ ಮುಟ್ಟಿಸಿದ್ದಲ್ಲ ಎಂದು ಭಟ್ಟರ ಮಕ್ಕಳೂ ಬರುತ್ತಾರಂತೆ, ತಲೆಗೆ ಟವೆಲು ಹಾಕಿಕೊಂಡು. ಸಜೆ ಮುಗಿಸಿ ಬಂದ ಕಿಟ್ಟ ಅಲ್ಲಿಯೇ ಕಟ್ಟಿಗೆ ಒಡೆದು ನೀರು ಹೊರುತ್ತಾನೆ. ಒಂದು ಕಿವಿ ಕೇಳುವುದಿಲ್ಲವಂತೆ.

ವ್ಯಾಲೆಂಟೈನ್‌ಬಾಬ್ ಕೂಡ ಹೋಗಿ ತಿಂದು ಬಂದರಂತೆ. ಪೇಟೆಯ ಕೋಣೆ ಬೇಕಾ ಎಂದು ಕೇಳಿದ್ದಕ್ಕೆ, "ಬೇಡ ಬಾಬ್, ನಿಮ್ಮ ಮೆಟ್ಟಿಲು ಎತ್ತರ" ಎಂದಳಂತೆ. ಇದನ್ನು ಹೇಳಿದವಳು ಹೊಟ್ಟೆ ಹಿಡಿದು ನಕ್ಕಳು. ನಾನು ಇಡೀ ಬೀದಿಗೆ ಹೇಳಿದೆ. ನಾನು ಕಲಿಸಿದ ಹುಡುಗಿಯಲ್ಲವೇ?

19 ಜುಲೈ, ಭಾನುವಾರ

ಮಳೆ ಬಿಟ್ಟಿಲ್ಲ. ಹಿಂದಿನ ಗೋಡೆ ಕುಸಿದು ಹದಿನೈದು ದಿನವಾಯಿತು. ಹೆರಾಲ್ಡ್ ಬರೆದಿದ್ದಾನೆ, ಬೊಂಬಾಯಿಯ ಖೋಲಿಯಲ್ಲಿ ಜಾಗವಿಲ್ಲ ಅಮ್ಮ ಎಂದು. ಜಾಗವಿಲ್ಲದಿದ್ದರೆ ಅವನಾದರೂ ಏನು ಮಾಡುತ್ತಾನೆ?

ಅದೇ ಅಂಚೆಯಲ್ಲಿ ಡುಲ್ಸಿನ್‌ಳ ಕಾಗದವೂ ಬಂತು. ಎರಡೇ ಸಾಲು. "ಗೋಡೆ ಬಿದ್ದ ಸುದ್ದಿ ಕೇಳಿದೆ. ಇಲ್ಲಿಗೆ ಬನ್ನಿ, ಕೆಲಸ ಉಂಟು." ಓದಿ ಓದಿ ಕಾಗದ ಒದ್ದೆಯಾಯಿತು. ನಾನು ಹೇಳಲಿಲ್ಲವೇ, ನನ್ನ ಮಗು ನನ್ನನ್ನು ಬಿಟ್ಟುಹಾಕುವುದಿಲ್ಲ ಎಂದು?

ಮಣಿಪಾಲ, 3 ಆಗಸ್ಟ್

ಬಂದು ಒಂದು ವಾರ. ಗುಡ್ಡದ ಮೇಲಿನ ಗಾಳಿ, ಮಳೆ, ಯಾವಾಗಲೂ ಚಳಿ. ನನಗೆ ಹಿತ್ತಿಲಿನ ಜಗಲಿಯಲ್ಲಿ ಚಾಪೆ ಹಾಕಿಕೊಟ್ಟಿದ್ದಾಳೆ. ಅಲ್ಲಿಯೇ ಕೆಲಸ, ತೆಂಗಿನಕಾಯಿ ಸುಲಿಯುವುದು. ಒಳಗೆ ಹಿಟ್ಟಿನ ಕೋಣೆ ಇದೆ. ಮೊದಲ ದಿನ ಆ ಬಾಗಿಲಿನವರೆಗೆ ಹೋಗಿದ್ದೆ. ಡುಲ್ಸಿನ್ ಅಡ್ಡ ಬಂದಳು.

"ನೀವು ಇಲ್ಲಿಂದ ಒಳಗೆ ಬರುವುದು ಬೇಡ."

ನೆಲ ಒದ್ದೆಯಿರುತ್ತದೆ, ಜಾರಿ ಬಿದ್ದೇನು ಎಂದು ಅವಳಿಗೆ ಹೆದರಿಕೆ. ನನ್ನ ಮೊಣಕಾಲಿನ ಸಂಗತಿ ಅವಳಿಗೆ ಗೊತ್ತಲ್ಲ.

ಗಿರಾಕಿಗಳು ಬಂದರೆ ಕರೆದು ತೋರಿಸುತ್ತಾಳೆ. "ಇವರು ನನ್ನ ಮಾವ್ಶಿ. ಸಾನ್ನಾ ಮಾಡಲಿಕ್ಕೆ ಕಲಿಸಿದ್ದೇ ಇವರು. ಈಗ ಕಾಯಿ ಸುಲಿಯುತ್ತಾರೆ." ದಿನಕ್ಕೆ ನಾಲ್ಕೈದು ಸಲ ಹೀಗೆ ಹೇಳುತ್ತಾಳೆ. ಒಳಗಿನಿಂದ ಆ ಐದು ಜನ ಹೆಂಗಸರು ಒಂದೇ ಸಲ ನಗುತ್ತಾರೆ. ಒಳ್ಳೆಯ ನಗುಮುಖದ ಹೆಂಗಸರು.

ಕಿಟ್ಟ ನನ್ನೊಡನೆ ಮಾತಾಡುವುದಿಲ್ಲ. ಕಿವಿ ಕೇಳುವುದಿಲ್ಲವಲ್ಲ, ಪಾಪ.

16 ಆಗಸ್ಟ್, ಭಾನುವಾರ

ಪೂಜೆಗೆ ಹೋಗಲಾಗಲಿಲ್ಲ, ನಾಳೆಗೆ ನಾನೂರು ಕಾಯಿ ಆಗಬೇಕು. ಹೆಬ್ಬೆರಳಿನ ಉಗುರು ಎದ್ದಿದೆ, ಅಕ್ಷರ ಸೊಟ್ಟಗಾಗುತ್ತದೆ. ಹೆರಾಲ್ಡನಿಗೆ ನಾಲ್ಕು ಸಾಲು ಬರೆದೆ, ಇಲ್ಲಿ ಎಲ್ಲರೂ ಸೌಖ್ಯ, ನಿನ್ನ ತಂಗಿ ನನ್ನನ್ನು ರಾಣಿಯ ಹಾಗೆ ನೋಡಿಕೊಳ್ಳುತ್ತಾಳೆ ಎಂದು.

ಸುಳ್ಳಲ್ಲ. ದಿನಾ ಬೆಳಗ್ಗೆ ಗುಣವತಿ ಬಿಸಿನೀರಿನ ಚೆಂಬು ಹಿಡಿದು ಜಗಲಿಗೆ ಬರುತ್ತಾಳೆ. "ಕೈ ಚಾಚಿ ಬಾಯಮ್ಮ" ಎನ್ನುತ್ತಾಳೆ. ಚಾಚುತ್ತೇನೆ. ಒಂದೊಂದೇ ಬೆರಳು ಬಿಡಿಸಿ, ಉಗುರಿನ ಸಂದಿಯೆಲ್ಲ ನೋಡಿ, ಮೂಸಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತಾಳೆ. ಗಾಯವಿರುವಲ್ಲಿ ಸ್ವಲ್ಪ ಹೆಚ್ಚೇ ತಿಕ್ಕುತ್ತಾಳೆ, ಚೊಕ್ಕ ಆಗಬೇಕಲ್ಲ. ಆಮೇಲೆ ಸೆರಗು ಕೊಡವಿಸಿ, ಸೊಂಟದ ಚೀಲ ಬಿಚ್ಚಿಸಿ ನೋಡುತ್ತಾಳೆ. ಡುಲ್ಸಿನ್ ಬಾಗಿಲಲ್ಲಿ ನಿಂತು, "ಆಯಿತಾ?" ಎಂದು ಕೇಳುತ್ತಾಳೆ. "ಆಯಿತು ಅಕ್ಕ" ಎಂದ ಮೇಲೆಯೇ ಒಳಗೆ ಒಲೆ ಹೊತ್ತಿಸುವುದು.

ಇಲ್ಲಿ ಇಷ್ಟು ಜನ ಕೆಲಸ ಮಾಡುತ್ತಾರೆ. ಬೇರೆ ಯಾರ ಕೈಯನ್ನೂ ಹೀಗೆ ಹಿಡಿದು ತೊಳೆಯುವುದಿಲ್ಲ. ನನ್ನದೊಂದನ್ನೇ.